ಹಡಗಿನಲ್ಲಿ ಕೋಣೆ ಹಿಡಿಯುವ ಮುನ್ನ

ಪ್ರವಾಸಿ ಹಡಗಿನ ಉದ್ದನೆಯ ಕಾರಿಡಾರಿನಲ್ಲಿ ನಿಂತು ಸಾಲಾಗಿರುವ ಬಾಗಿಲುಗಳಲ್ಲಿ ಯಾವುದನ್ನು ತೆರೆದರೂ ಒಳಗೆ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಅದೇ ಜೋಡಿ ಮಂಚ, ಅದೇ ಪುಟ್ಟ ಮೇಜು, ಗೋಡೆಗಂಟಿದ ಅದೇ ಕಪಾಟು, ಇಬ್ಬರು ಒಟ್ಟಿಗೆ ನಿಲ್ಲಲಾಗದ ಅದೇ ಬಚ್ಚಲು. ಆದರೂ ಸರಿಸುಮಾರು ಒಂದೇ ದರ ತೆತ್ತ ಇಬ್ಬರಲ್ಲಿ ಒಬ್ಬರು ಏಳು ರಾತ್ರಿಯೂ ಗಡದ್ದಾಗಿ ನಿದ್ದೆ ಮಾಡಿ ಇಳಿಯುತ್ತಾರೆ. ಇನ್ನೊಬ್ಬರು ಮೊದಲ ರಾತ್ರಿ ವಾಂತಿ ಮಾಡಿಕೊಂಡು, ಎರಡನೆಯ ರಾತ್ರಿ ತಲೆಯ ಮೇಲಿನ ಕುರ್ಚಿ ಎಳೆದಾಟಕ್ಕೆ ಎಚ್ಚರವಾಗಿ, ಮೂರನೆಯ ದಿನ ಕೋಣೆ ಬದಲಿಸಿಕೊಡಿ ಎಂದು ರಿಸೆಪ್ಷನ್ ಕೌಂಟರಿನ ಮುಂದೆ ನಿಲ್ಲುತ್ತಾರೆ. ಹಡಗು ತುಂಬಿದ್ದರೆ ಬದಲಿ ಕೋಣೆ ಸಿಗದು. ನಡುಗಡಲಿನಲ್ಲಿ ಬೇರೆ ಲಾಡ್ಜು ಹುಡುಕಿಕೊಂಡು ಹೋಗುವಂತೆಯೂ ಇಲ್ಲ.

ಕೋಣೆಗಳು ಹೀಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದಕ್ಕೆ ಕಾರಣವಿದೆ. ಇಂದಿನ ದೊಡ್ಡ ಹಡಗುಗಳಲ್ಲಿ ಬಹುಪಾಲು ಕ್ಯಾಬಿನ್ನುಗಳನ್ನು ಹಡಗಿನೊಳಗೆ ಕಟ್ಟುವುದಿಲ್ಲ. ಫಿನ್ಲೆಂಡಿನ ತುರ್ಕು ನಗರದ ಸಮೀಪದ ಪೀಕಿಯೋದಲ್ಲಿರುವಂಥ ಕಾರ್ಖಾನೆಗಳಲ್ಲಿ ಬಚ್ಚಲು, ಕೊಳಾಯಿ, ದೀಪ, ಕಪಾಟು ಸಮೇತ ಪೆಟ್ಟಿಗೆಗಳಂತೆ ತಯಾರಿಸಿ ತಂದು, ಅರ್ಧ ಕಟ್ಟಿದ ಹಡಗಿನ ಪಕ್ಕದ ಕಿಂಡಿಯಿಂದ ಒಳಕ್ಕೆ ತಳ್ಳಿ, ನೀರು ಮತ್ತು ವಿದ್ಯುತ್ತಿನ ಸಂಪರ್ಕ ಕೊಡುತ್ತಾರೆ. ಬೆಂಕಿಪೊಟ್ಟಣಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟ ಹಾಗೆ. ಪೊಟ್ಟಣಗಳೆಲ್ಲ ಒಂದೇ ಆದಮೇಲೆ ವ್ಯತ್ಯಾಸ ಉಳಿಯುವುದು ಯಾವ ಪೊಟ್ಟಣ ಕಪಾಟಿನ ಯಾವ ಮೂಲೆಯಲ್ಲಿದೆ ಎಂಬುದರಲ್ಲಿ ಮಾತ್ರ. ಕಂಪನಿಗಳು ಅಚ್ಚುಕಟ್ಟಾಗಿ ಮುದ್ರಿಸಿ ಹಂಚುವ ಬಣ್ಣದ ಚಿತ್ರಗಳಲ್ಲಿ ಈ ಸಂಗತಿ ಕಾಣಿಸುವುದಿಲ್ಲ. ಅದು ಕಾಣಿಸುವುದು ಅಂತಸ್ತಿನ ನಕ್ಷೆಯಲ್ಲಿ, ಅಂದರೆ ಡೆಕ್ ಪ್ಲಾನಿನಲ್ಲಿ.

ನಮ್ಮವರಿಗೆ ಈ ವಿಷಯ ಈಗ ದೂರದ್ದಾಗಿ ಉಳಿದಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲಾಸ್ಕಾ ತೋರಿಸಲು ಹಡಗು ಹತ್ತಿಸುವುದುಂಟು. ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬಂದುಹೋಗುವುದನ್ನು ಕರಾವಳಿಯವರು ಎಷ್ಟೋ ವರ್ಷಗಳಿಂದ ನೋಡಿದ್ದಾರೆ. 2021ರಲ್ಲಿ ‘ಎಂಪ್ರೆಸ್’ ಎಂಬ ಹಡಗು ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆ ಯಾನ ಆರಂಭಿಸಿದ ಮೇಲೆ ಮಧ್ಯಮ ವರ್ಗದ ಕುಟುಂಬಗಳೂ ಎರಡು ಮೂರು ರಾತ್ರಿಗಳ ಕಡಲ ಪ್ರವಾಸದ ಲೆಕ್ಕ ಹಾಕತೊಡಗಿದವು. ಟಿಕೆಟ್ ಕೊಳ್ಳುವಾಗ ಏಜೆಂಟ್ ಕೇಳುವ ಮೊದಲ ಪ್ರಶ್ನೆ, ‘ಯಾವ ಕ್ಯಾಬಿನ್ ಬೇಕು?’ ಹೆಚ್ಚಿನವರ ಉತ್ತರ, ‘ಯಾವುದು ಅಗ್ಗ?’ ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಹಡಗಿನ ಮಟ್ಟಿಗೆ ಅರ್ಧ ಮಾತ್ರ ನಿಜ. ದುಬಾರಿ ಕೋಣೆಯಲ್ಲಿ ನರಳುವುದೂ ಸಾಧ್ಯ, ಅಗ್ಗದ ಕೋಣೆಯಲ್ಲಿ ಸುಖವಾಗಿರುವುದೂ ಸಾಧ್ಯ.

ಹಡಗಿನ ಗಾತ್ರದ ಬಗ್ಗೆ ಒಂದು ಮಾತು. ‘ಇಷ್ಟು ಸಾವಿರ ಟನ್ನಿನ ಹಡಗು’ ಎಂದು ಓದಿದಾಗ ಅದು ಹಡಗಿನ ತೂಕವೆಂದೇ ಬಹಳ ಜನ ತಿಳಿಯುತ್ತಾರೆ. ಅದು ತೂಕವಲ್ಲ, ಹಡಗಿನೊಳಗಿನ ಅವಕಾಶದ ಅಳತೆ. ಹಳೆಯ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ಟನ್. 1912ರಲ್ಲಿ ಮುಳುಗಿದ ಟೈಟಾನಿಕ್ ಆ ಲೆಕ್ಕದಲ್ಲಿ 46,328 ಟನ್, ಉದ್ದ 269 ಮೀಟರ್. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಎಂಪ್ರೆಸ್ ಉದ್ದದಲ್ಲಿ ಸುಮಾರು 211 ಮೀಟರ್ ಅಷ್ಟೇ. ಆದರೆ ಗಾತ್ರದ ಅಳತೆ 48,563. ಟೈಟಾನಿಕ್‌ಗಿಂತ ಗಿಡ್ಡವಾದ ಹಡಗಿನೊಳಗೆ ಅದಕ್ಕಿಂತ ಹೆಚ್ಚು ಜಾಗ! ಹಳೆಯ ಹಡಗುಗಳು ನೀರನ್ನು ಸೀಳಿ ಓಡಲೆಂದು ಸಪೂರವಾಗಿದ್ದವು. ಈಗಿನವು ತೇಲುವ ಹೋಟೆಲುಗಳು, ಆದ್ದರಿಂದ ಅಂತಸ್ತಿನ ಮೇಲೆ ಅಂತಸ್ತು. 2024ರ ಜನವರಿಯಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನ ಅಳತೆ 2,48,663. ಉದ್ದ 365 ಮೀಟರ್, ಅಂತಸ್ತುಗಳು 20. ಇಂಥದ್ದರಲ್ಲಿ ಕೋಣೆ ಹಿಡಿಯುವುದೆಂದರೆ ಒಂದು ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದಂತೆ.

ಕೋಣೆಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ. ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯುಳ್ಳ ಹೊರಕೋಣೆ, ಬಾಲ್ಕನಿ ಇರುವ ಕೋಣೆ, ಎಲ್ಲಕ್ಕಿಂತ ಮೇಲಿನದು ಸೂಟ್. ಒಳಕೋಣೆಯ ವಿಸ್ತೀರ್ಣ ಸಾಮಾನ್ಯವಾಗಿ 150ರಿಂದ 170 ಚದರ ಅಡಿ. ಅಂದರೆ ನಮ್ಮ ಊರುಗಳ ಹತ್ತಡಿ ಹದಿನೈದಡಿಯ ಒಂದು ಮಲಗುವ ಕೋಣೆಯಲ್ಲಿಯೇ ಬಚ್ಚಲೂ ಸೇರಿದ ಹಾಗೆ. ಬಾಲ್ಕನಿಯ ಕೋಣೆ ಇದಕ್ಕಿಂತ ತುಸು ದೊಡ್ಡದು. ಬಾಲ್ಕನಿ ಎರಡು ಕುರ್ಚಿ, ಒಂದು ಚಿಕ್ಕ ಮೇಜು ಹಿಡಿಯುವಷ್ಟು.

ಒಂದು ಕಾಲಕ್ಕೆ ಸಮುದ್ರ ಕಾಣುವ ಕೋಣೆಯೇ ಶ್ರೀಮಂತರ ಸೊತ್ತಾಗಿತ್ತು. ಎಲ್ಲ ಕೋಣೆಗಳಿಗೂ ಹೊರಗಿನ ನೋಟವಿದ್ದ ‘ರಾಯಲ್ ಪ್ರಿನ್ಸೆಸ್’ ಹಡಗು 1984ರಲ್ಲಿ ಬಂದಾಗ ಅದು ಸುದ್ದಿಯಾಯಿತು. ಅನಂತರ ಬಾಲ್ಕನಿ ಸಾಮಾನ್ಯವಾಗುತ್ತ ಹೋಯಿತು. 2009ರ ‘ಓಯಸಿಸ್ ಆಫ್ ದಿ ಸೀಸ್’ ಹಡಗಿನ ನಡುವೆ ಆಕಾಶಕ್ಕೆ ತೆರೆದ ಗಿಡಮರಗಳ ತೋಟವನ್ನೇ ಇಟ್ಟು, ಅದರತ್ತ ಮುಖಮಾಡಿದ ಬಾಲ್ಕನಿಗಳನ್ನು ಕಟ್ಟಿದರು. ನಮ್ಮ ತೊಟ್ಟಿಮನೆಯ ಅಂಗಳದ ಹಾಗೆ. ಬಾಲ್ಕನಿ ಎಂದು ಹಣ ತೆತ್ತವರಿಗೆ ಸಮುದ್ರದ ಬದಲು ಎದುರು ಮನೆಯವರ ಬಾಲ್ಕನಿ ಕಂಡರೆ ಅಚ್ಚರಿಪಡಬಾರದು. ನಕ್ಷೆಯಲ್ಲಿ ಅದು ಬರೆದೇ ಇರುತ್ತದೆ. 2011ರ ‘ಡಿಸ್ನಿ ಡ್ರೀಮ್’ ಹಡಗಿನ ಒಳಕೋಣೆಗಳಿಗೆ ಹೊರಗಿನ ಕ್ಯಾಮೆರಾದ ಚಿತ್ರ ತೋರಿಸುವ ಕೃತಕ ಕಿಟಕಿ ಬಂತು. ಮಕ್ಕಳಿಗೆ ಅದು ಮೋಜು. ಬೆಳಗಾಯಿತೋ ಇಲ್ಲವೋ ಎಂದು ತಿಳಿಯಲು ದೊಡ್ಡವರಿಗೂ ಉಪಯೋಗ. ನಿಜವಾದ ಒಳಕೋಣೆಯಲ್ಲಿ ದೀಪವಾರಿಸಿದರೆ ಹಗಲು ಹನ್ನೆರಡಕ್ಕೂ ಕಗ್ಗತ್ತಲು. ಪಾಳಿ ಕೆಲಸ ಮಾಡಿ ದಣಿದವರಿಗೆ ಇದಕ್ಕಿಂತ ಒಳ್ಳೆಯ ನಿದ್ರಾಮಂದಿರ ಬೇರೆಯಿಲ್ಲ. ಉಸಿರು ಕಟ್ಟಿದಂತಾಗುವ ಸ್ವಭಾವದವರು ಮಾತ್ರ ಅದರ ತಂಟೆಗೆ ಹೋಗದಿರುವುದೇ ಒಳಿತು.

ತೂಗುಹಲಗೆಯ ಲೆಕ್ಕ

ಮಕ್ಕಳ ಉದ್ಯಾನದಲ್ಲಿ ಸೀಸಾ ಹಲಗೆ ಎಲ್ಲರೂ ನೋಡಿದ್ದೇ. ತುದಿಯಲ್ಲಿ ಕುಳಿತವನು ನಾಲ್ಕಡಿ ಏರಿ ಇಳಿಯುತ್ತಾನೆ. ನಡುವಿನ ಗೂಟದ ಮೇಲೆ ಕುಳಿತವನು ಅಲುಗುವುದೇ ಇಲ್ಲ. ಸಮುದ್ರದಲ್ಲಿ ಹಡಗು ಇಂಥದೊಂದು ಹಲಗೆ. ಅಲೆ ಎದುರಿನಿಂದ ಬಂದಾಗ ಮುಂತುದಿ ಏಳುತ್ತದೆ, ಹಿಂತುದಿ ಬೀಳುತ್ತದೆ, ಮರುಕ್ಷಣ ತಿರುವುಮುರುವು. ಇದನ್ನು ಏರಿಳಿತ ಎನ್ನೋಣ. ಅಲೆ ಪಕ್ಕದಿಂದ ಬಂದಾಗ ಹಡಗು ಎಡಕ್ಕೂ ಬಲಕ್ಕೂ ವಾಲುತ್ತದೆ, ಅದು ಓಲಾಟ.

300 ಮೀಟರ್ ಉದ್ದದ ಹಡಗು ಕೇವಲ ಒಂದು ಡಿಗ್ರಿಯಷ್ಟು ಏರಿಳಿಯಿತು ಎಂದಿಟ್ಟುಕೊಳ್ಳೋಣ. ನಡುವಿನಿಂದ ತುದಿಗೆ 150 ಮೀಟರ್. ಒಂದು ಡಿಗ್ರಿಯ ಸೈನ್ ಬೆಲೆ 0.0175. ಗುಣಿಸಿದರೆ 2.6 ಮೀಟರ್. ಅಂದರೆ ತುದಿಯ ಕೋಣೆಯಲ್ಲಿ ಮಲಗಿದವರು ಸುಮಾರು ಎಂಟೂವರೆ ಅಡಿ, ಹೆಚ್ಚುಕಡಿಮೆ ಒಂದು ಅಂತಸ್ತಿನಷ್ಟು ಮೇಲೇರಿ, ಮತ್ತೆ ಅಷ್ಟೇ ಕೆಳಗಿಳಿಯುತ್ತಾರೆ. ಅದೇ ಹೊತ್ತಿಗೆ ನಡುವಿನಿಂದ 30 ಮೀಟರ್ ದೂರದ ಕೋಣೆಯವರು ಏರುವುದು ಅರ್ಧ ಮೀಟರ್ ಮಾತ್ರ. ಘಟ್ಟದ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟು ಹಿಡಿದವರಿಗೆ ಈ ಲೆಕ್ಕ ಕಾಗದ ಪೆನ್ಸಿಲು ಇಲ್ಲದೆಯೇ ಗೊತ್ತು.

ಓಲಾಟಕ್ಕೂ ಇಂಥದೇ ಲೆಕ್ಕವಿದೆ. ಅಲ್ಲಿ ಉದ್ದದ ಬದಲು ಎತ್ತರ ಮುಖ್ಯ. ಹಡಗು ಮೂರು ಡಿಗ್ರಿ ವಾಲಿದರೆ, ಓಲಾಟದ ಅಕ್ಷಕ್ಕಿಂತ 30 ಮೀಟರ್ ಮೇಲಿನ ಅಂತಸ್ತು ಪಕ್ಕಕ್ಕೆ ಒಂದೂವರೆ ಮೀಟರ್ ಸರಿಯುತ್ತದೆ. ಕೆಳಗಿನ ಅಂತಸ್ತುಗಳಲ್ಲಿ ಅದರ ಸುಳಿವೂ ಹತ್ತದು. ತೆಂಗಿನ ಮರದ ಬುಡಕ್ಕೂ ಸುಳಿಗೂ ಇರುವ ವ್ಯತ್ಯಾಸ. ಆದ್ದರಿಂದ ‘ಕೆಳಗೆ ಮತ್ತು ನಡುವೆ’ ಎಂಬುದು ಹೊಟ್ಟೆ ತೊಳಸುವವರಿಗೆ ಹಳಬರು ಹೇಳುವ ಸೂತ್ರ.

ಆದರೆ ಈ ಎರಡರಲ್ಲಿ ‘ಕೆಳಗೆ’ ಎಂಬುದಕ್ಕಿಂತ ‘ನಡುವೆ’ ಎಂಬುದೇ ಹೆಚ್ಚು ತೂಕದ್ದು. ಇಂದಿನ ಹಡಗುಗಳ ಹೊಟ್ಟೆಯ ಎರಡೂ ಪಕ್ಕದಲ್ಲಿ, ನೀರಿನೊಳಗೆ, ಮೀನಿನ ಈಜುರೆಕ್ಕೆಯಂಥ ಎರಡು ಚಾಚುಗಳಿರುತ್ತವೆ. ಹಡಗು ಎಡಕ್ಕೆ ವಾಲತೊಡಗಿದ ಕೂಡಲೇ ಇವು ತಮ್ಮ ಕೋನ ಬದಲಿಸಿ, ವಿಮಾನದ ರೆಕ್ಕೆಯ ತತ್ತ್ವದಂತೆ, ಎಡಭಾಗವನ್ನು ಮೇಲಕ್ಕೆ ಒತ್ತುತ್ತವೆ. ಹಡಗು ಓಡುತ್ತಿರುವಾಗ ಓಲಾಟ ಬಹುಮಟ್ಟಿಗೆ ಅಡಗುವುದು ಇವುಗಳಿಂದ. ಏರಿಳಿತವನ್ನು ತಡೆಯುವ ಶಕ್ತಿ ಇವುಗಳಿಗಿಲ್ಲ. ನೂರಾರು ಮೀಟರ್ ಉದ್ದದ ಹಡಗನ್ನು ಉದ್ದಕ್ಕೆ ತೊನೆಯದಂತೆ ಹಿಡಿದು ನಿಲ್ಲಿಸುವಷ್ಟು ದೊಡ್ಡ ರೆಕ್ಕೆ ಕಟ್ಟುವುದು ಸಾಧ್ಯವಿಲ್ಲ. ಓಲಾಟವನ್ನು ಯಂತ್ರ ನೋಡಿಕೊಳ್ಳುತ್ತದೆ; ಏರಿಳಿತವನ್ನು ಪ್ರಯಾಣಿಕನೇ ಕೋಣೆಯ ಆಯ್ಕೆಯಿಂದ ನೋಡಿಕೊಳ್ಳಬೇಕು. ಇನ್ನೂ ಸೂಕ್ಷ್ಮವಾಗಿ ಹೇಳುವುದಾದರೆ, ಹೆಚ್ಚಿನ ಹಡಗುಗಳಲ್ಲಿ ಈ ತೂಗುಹಲಗೆಯ ಗೂಟ ನಟ್ಟನಡುವಿಗಿಂತ ಕೊಂಚ ಹಿಂದಕ್ಕಿರುತ್ತದೆ. ನಡುವಿನ ಕೋಣೆ ಸಿಗದಿದ್ದರೆ ಮುಂದಕ್ಕೆ ಸರಿಯುವ ಬದಲು ಒಂದಿಷ್ಟು ಹಿಂದಕ್ಕೆ ಸರಿಯುವುದು ಜಾಣತನ.

ಹಡಗಿನ ಉದ್ದ ಇಲ್ಲಿ ಕೈಹಿಡಿಯುತ್ತದೆ. ಆಳವಾದ ಸಮುದ್ರದಲ್ಲಿ ಅಲೆಯ ಉದ್ದವನ್ನು ತಿಳಿಯಲು ಸುಲಭ ಸೂತ್ರವಿದೆ: ಎರಡು ಅಲೆಗಳ ನಡುವಿನ ಕಾಲವನ್ನು ಸೆಕೆಂಡಿನಲ್ಲಿ ವರ್ಗಮಾಡಿ 1.56ರಿಂದ ಗುಣಿಸಬೇಕು. ಎಂಟು ಸೆಕೆಂಡಿನ ಅಲೆ 100 ಮೀಟರ್, ಹನ್ನೆರಡು ಸೆಕೆಂಡಿನದು 225 ಮೀಟರ್ ಉದ್ದ. 365 ಮೀಟರಿನ ಹಡಗು ಇಂಥ ಅಲೆಗಳ ಮೇಲೆ ಸೇತುವೆಯಂತೆ ಚಾಚಿಕೊಳ್ಳುತ್ತದೆ. 211 ಮೀಟರಿನದು ಹನ್ನೆರಡು ಸೆಕೆಂಡಿನ ಅಲೆಯನ್ನು ಹತ್ತಿ ಇಳಿಯಬೇಕಾಗುತ್ತದೆ. ಹೀಗಾಗಿ ಹಡಗು ಚಿಕ್ಕದಾದಷ್ಟೂ ಕೋಣೆಯ ಸ್ಥಾನದ ಬೆಲೆ ಹೆಚ್ಚು.

ಹೊಟ್ಟೆ ತೊಳಸುವುದು ಹೊಟ್ಟೆಯ ದೋಷವಲ್ಲ. ಒಳಗಿವಿಯಲ್ಲಿ ದ್ರವ ತುಂಬಿದ ಸೂಕ್ಷ್ಮ ನಳಿಕೆಗಳಿವೆ. ದೇಹ ಅಲುಗಿದ್ದನ್ನು ಅವು ಮೆದುಳಿಗೆ ವರದಿ ಮಾಡುತ್ತವೆ. ಕೋಣೆಯೊಳಗೆ ಕುಳಿತ ಕಣ್ಣಿಗೆ ಮಾತ್ರ ಗೋಡೆ, ಮಂಚ, ಮೇಜು ಎಲ್ಲ ನಿಶ್ಚಲವಾಗಿ ಕಾಣುತ್ತವೆ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಈ ಜಗಳದಲ್ಲಿ ಸಂಕಟಪಡುವುದು ಹೊಟ್ಟೆ. ಸುಮಾರು ಐದಾರು ಸೆಕೆಂಡಿಗೊಮ್ಮೆ ಆಗುವ ನಿಧಾನದ ಏರಿಳಿತವೇ ಮನುಷ್ಯನನ್ನು ಅತಿ ಹೆಚ್ಚು ಕಾಡುತ್ತದೆಂದು 1970ರ ದಶಕದ ಪ್ರಯೋಗಗಳು ತೋರಿಸಿವೆ. ಕಿಟಕಿಯಿಂದ ದೂರದ ಕ್ಷಿತಿಜ ಕಾಣುತ್ತಿದ್ದರೆ ಕಣ್ಣು ಕಿವಿಗಳ ಸಾಕ್ಷ್ಯ ಒಂದಾಗುತ್ತದೆ. ಆದ್ದರಿಂದ ವಾಂತಿಯ ಭಯವಿರುವವರಿಗೆ ಮೇಲಿನ ಅಂತಸ್ತಿನ ತುದಿಯಲ್ಲಿರುವ ಬಾಲ್ಕನಿಗಿಂತ, ಕೆಳಗಿನ ಅಂತಸ್ತಿನ ನಡುವಿನ ಸಾದಾ ಕಿಟಕಿಯ ಕೋಣೆಯೇ ಮೇಲು. ಹಣವೂ ಉಳಿಯುತ್ತದೆ.

ಟೈಟಾನಿಕ್ ಕಟ್ಟಿದವರಿಗೆ ಇದೆಲ್ಲ ಚೆನ್ನಾಗಿ ತಿಳಿದಿತ್ತು. ಮೊದಲ ದರ್ಜೆಯ ಕೋಣೆಗಳನ್ನು ಅವರು ಹಡಗಿನ ನಡುಭಾಗದಲ್ಲಿ ಇಟ್ಟರು. ಎರಡನೆಯ ದರ್ಜೆ ಅದರ ಹಿಂದೆ. ಮೂರನೆಯ ದರ್ಜೆಯ ಒಂಟಿ ಗಂಡಸರು ಮುಂತುದಿಯಲ್ಲಿ, ಒಂಟಿ ಹೆಂಗಸರು ಮತ್ತು ಸಂಸಾರವಂದಿಗರು ಹಿಂತುದಿಯಲ್ಲಿ. ತೂಗುಹಲಗೆಯ ಎರಡು ತುದಿಗಳು ಬಡವರಿಗೆ! ಜೀವರಕ್ಷಕ ದೋಣಿಗಳು ಮೇಲಿನ ಅಂತಸ್ತಿನಲ್ಲಿದ್ದವು. ತುದಿಗಳಿಂದ, ತಳದಿಂದ ಅಲ್ಲಿಗೆ ಹೋಗುವ ದಾರಿ ಸುತ್ತುಬಳಸಿನದು. ಮೊದಲ ದರ್ಜೆಯವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಬದುಕಿದರು, ಮೂರನೆಯ ದರ್ಜೆಯವರಲ್ಲಿ ಸುಮಾರು ಇಪ್ಪತ್ತೈದು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಕೋಣೆಗಳ ನಕ್ಷೆಯ ಪಾಲು ಸಣ್ಣದಾಗಿರಲಿಲ್ಲ.

ತಲೆಯ ಮೇಲೆ ಯಾರು, ಕಾಲ ಕೆಳಗೆ ಯಾರು

ಬಾಡಿಗೆ ಮನೆ ನೋಡಲು ಹೋದವರು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಹಡಗಿನಲ್ಲಿ ಮೇಲು ಕೆಳಗಿನವರನ್ನೂ ವಿಚಾರಿಸಬೇಕು. ತಾನು ಆರಿಸಿದ ಅಂತಸ್ತಿನ ನಕ್ಷೆಯ ಜೊತೆಗೆ ಅದರ ಮೇಲಿನ ಮತ್ತು ಕೆಳಗಿನ ಅಂತಸ್ತಿನ ನಕ್ಷೆಗಳನ್ನೂ ತೆಗೆದು, ಅದೇ ಜಾಗದಲ್ಲಿ ಏನಿದೆ ಎಂದು ನೋಡುವುದು ಐದು ನಿಮಿಷದ ಕೆಲಸ. ಇದನ್ನು ಮಾಡುವವರು ಕಡಿಮೆ.

ಮೇಲೆ ಈಜುಕೊಳದ ಅಂತಸ್ತಿದ್ದರೆ ನಸುಕಿನಲ್ಲೇ ಸಿಬ್ಬಂದಿ ನೂರಾರು ಆರಾಮಕುರ್ಚಿಗಳನ್ನು ಎಳೆದು ಜೋಡಿಸುವ ಸದ್ದು ಕೇಳುತ್ತದೆ. ಅಡುಗೆಮನೆಯಿದ್ದರೆ ರಾತ್ರಿಯಿಡೀ ಗಾಲಿಬಂಡಿಗಳ ಗಡಗಡ. ಕೆಳಗೆ ನಾಟ್ಯಗೃಹವೋ ಸಂಗೀತದ ಸಭಾಂಗಣವೋ ಇದ್ದರೆ ನಡುರಾತ್ರಿಯವರೆಗೂ ಡ್ರಮ್ಮಿನ ಧಮ್ ಧಮ್. ಹಾಡು ಕೇಳಿಸದು, ಧಮ್ ಧಮ್ ಮಾತ್ರ ಕೇಳಿಸುತ್ತದೆ. ಕಾರಣ ಸರಳ. ಮೇಲು ಶ್ರುತಿಯ ನಾದವನ್ನು ಗೋಡೆಯ ಒಳತುಂಬು ಹೀರಿಕೊಳ್ಳುತ್ತದೆ. ಸೆಕೆಂಡಿಗೆ 60 ಕಂಪನದ ತಗ್ಗು ನಾದಕ್ಕೆ ಗಾಳಿಯಲ್ಲಿ ಐದೂವರೆ ಮೀಟರಿಗೂ ಹೆಚ್ಚಿನ ಅಲೆಯುದ್ದ. ಅಂಗೈಯಗಲದ ಗೋಡೆ ಅದಕ್ಕೆ ಲೆಕ್ಕಕ್ಕಿಲ್ಲ. ಮೇಲಾಗಿ ಹಡಗೆಂದರೆ ಉಕ್ಕು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ 5,000 ಮೀಟರಿಗೂ ಮಿಕ್ಕಿದ ವೇಗದಲ್ಲಿ ಸಾಗುತ್ತದೆ, ಬಲುದೂರ ಸಾಗುತ್ತದೆ. ರೈಲು ಹಳಿಗೆ ಕಿವಿಯಿಟ್ಟು ಆಲಿಸಿದ ಹಳ್ಳಿಯ ಹುಡುಗರಿಗೆ ಇದು ಹೊಸತಲ್ಲ.

ಹೀಗಾಗಿ ಮೇಲೂ ಕೋಣೆಗಳು, ಕೆಳಗೂ ಕೋಣೆಗಳು ಇರುವ ಅಂತಸ್ತೇ ನಿದ್ದೆಗೆ ಉತ್ತಮ. ನಕ್ಷೆಯಲ್ಲಿ ಹೆಸರಿಲ್ಲದೆ ಬಿಳಿಯಾಗಿ ಬಿಟ್ಟ ಜಾಗಗಳ ಬಗ್ಗೆಯೂ ಎಚ್ಚರ ಬೇಕು. ಅದು ಖಾಲಿ ಜಾಗವಲ್ಲ. ಸಿಬ್ಬಂದಿಯ ಮೆಟ್ಟಿಲು, ಬಟ್ಟೆ ಪಾತ್ರೆಗಳ ಉಗ್ರಾಣ, ಎಂಜಿನ್ನಿನ ಹೊಗೆಗೂಡು, ಇಂಥವು ಅಲ್ಲಿರುತ್ತವೆ. ಮುಂತುದಿಯ ಕೆಳ ಅಂತಸ್ತಿನವರಿಗೆ ಇನ್ನೊಂದು ಬಗೆಯ ಸುಪ್ರಭಾತವಿದೆ: ಬೆಳಗಿನ ಜಾವ ಬಂದರು ಸೇರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಅಡ್ಡ ಪ್ರೊಪೆಲರುಗಳ ಮೊರೆತ, ಲಂಗರು ಬಿಡುವಲ್ಲಿ ಸರಪಳಿಯ ಸದ್ದು. ಹಿಂತುದಿಯ ಕೆಳಭಾಗದಲ್ಲಿ ಚಾಲಕ ಪ್ರೊಪೆಲರುಗಳ ನಡುಕ. 1998ರ ‘ಕಾರ್ನಿವಲ್ ಎಲೇಷನ್’ ಹಡಗಿನಿಂದ ಆರಂಭಿಸಿ, ಹಡಗಿನಡಿ ತೂಗುಹಾಕಿದ ವಿದ್ಯುತ್ ಮೋಟಾರುಗಳು ಬಂದ ಮೇಲೆ ಈ ನಡುಕ ಕಡಿಮೆಯಾಗಿದೆ. ಹೋಗಿಲ್ಲ.

ಹಿಂತುದಿಯ ಬಾಲ್ಕನಿಗಳಿಗೆ ಅವುಗಳದೇ ಆದ ಅಭಿಮಾನಿಗಳಿದ್ದಾರೆ ಎನ್ನುವುದನ್ನೂ ಹೇಳಬೇಕು. ಅವು ಹೆಚ್ಚಾಗಿ ವಿಶಾಲ. ಹಡಗು ನೀರಿನ ಮೇಲೆ ಎಳೆದು ಬಿಟ್ಟ ಬಿಳಿ ದಾರಿ ಕಣ್ಣಿಗೆ ಹಬ್ಬ. ಮುಂತುದಿಗೆ ಮುಖಮಾಡಿದ ಕೋಣೆಗಳ ಕಥೆ ಬೇರೆ. ಹಡಗು ನಡೆಸುವವರ ಕೋಣೆಯ ಸನಿಹದಲ್ಲಿರುವ ಇವುಗಳಲ್ಲಿ ರಾತ್ರಿ ದೀಪ ಹಚ್ಚಿದರೆ ಪರದೆ ಮುಚ್ಚಲೇಬೇಕು. ಕತ್ತಲಿಗೆ ಹೊಂದಿಕೊಂಡ ನಾವಿಕರ ಕಣ್ಣಿಗೆ ಮುಂದಿನಿಂದ ಬೀಳುವ ಬೆಳಕು ಅಪಾಯ. ಎದುರಿನಿಂದ ಬಂದ ಲಾರಿಯ ಹೆಡ್‌ಲೈಟು ಕಣ್ಣಿಗೆ ಹೊಡೆದ ಹಾಗೆ.

ಎಡವೋ ಬಲವೋ

ಹಡಗಿನ ಮುಂದಕ್ಕೆ ಮುಖಮಾಡಿ ನಿಂತರೆ ಎಡಗಡೆ ‘ಪೋರ್ಟ್’, ಬಲಗಡೆ ‘ಸ್ಟಾರ್‌ಬೋರ್ಡ್’. ಹಿಂದಿನ ದೋಣಿಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಗಡೆ ಇರುತ್ತಿತ್ತು, ಅದು ಮುರಿಯದಂತೆ ಎಡಮೈಯನ್ನು ದಕ್ಕೆಗೆ ತಾಗಿಸುತ್ತಿದ್ದರು. ಹೆಸರುಗಳು ಬಂದದ್ದು ಹಾಗೆ. ಭಾರತಕ್ಕೆ ಬರುತ್ತಿದ್ದ ಇಂಗ್ಲಿಷ್ ಸಾಹೇಬರು ಬರುವಾಗ ಎಡಗಡೆಯ ಕೋಣೆ, ಹೋಗುವಾಗ ಬಲಗಡೆಯ ಕೋಣೆ ಹಿಡಿಯುತ್ತಿದ್ದರೆಂದೂ, ಆ ನಾಲ್ಕು ಪದಗಳ ಮೊದಲಕ್ಷರಗಳಿಂದಲೇ ‘ಪಾಶ್’ ಎಂಬ ಮಾತು ಹುಟ್ಟಿತೆಂದೂ ಒಂದು ಕಥೆಯಿದೆ. ಹಾಗೆ ಮುದ್ರೆ ಒತ್ತಿದ ಟಿಕೆಟು ಒಂದೂ ಸಿಕ್ಕಿಲ್ಲವಾದ್ದರಿಂದ ಭಾಷಾತಜ್ಞರು ಇದನ್ನು ಒಪ್ಪುವುದಿಲ್ಲ. ಕಥೆಯೊಳಗಿನ ಭೂಗೋಳ ಮಾತ್ರ ಸರಿ. ಪೂರ್ವಕ್ಕೆ ಸಾಗುವ ಹಡಗಿನ ಎಡಮೈ ಉತ್ತರಕ್ಕಿರುತ್ತದೆ, ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎ.ಸಿ. ಇಲ್ಲದ ಕಾಲದಲ್ಲಿ ನೆರಳಿನ ಕೋಣೆಗೆ ಬೆಲೆಯಿದ್ದುದು ಸಹಜ.

ಈಗ ಮಗ್ಗುಲಿನ ಪ್ರಶ್ನೆ ಬರುವುದು ನೋಟಕ್ಕಾಗಿ. ಮುಂಬಯಿಯಿಂದ ಕೊಚ್ಚಿಗೆ ಇಳಿಯುವ ಹಡಗಿನಲ್ಲಿ ಕರಾವಳಿ ಎಡಗಡೆ, ಸೂರ್ಯಾಸ್ತ ಬಲಗಡೆ, ಮರಳುವಾಗ ಅದಲುಬದಲು. ಅಲಾಸ್ಕಾದ ಪ್ರವಾಸದಲ್ಲಿ ಎರಡು ಬಗೆ. ವ್ಯಾಂಕೂವರಿನಿಂದ ಹೊರಟು ಉತ್ತರದ ಸೀವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಮುಗಿಯುವ ಒಮ್ಮುಖ ಯಾನದಲ್ಲಿ ಖಂಡದ ದಡ ಬಲಗಡೆ ಬರುವುದರಿಂದ ಬಲಮಗ್ಗುಲಿನ ಬಾಲ್ಕನಿಗೆ ಬೇಡಿಕೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಯಾನದಲ್ಲಿ ಯಾವ ಮಗ್ಗುಲಾದರೂ ಒಂದೇ. ಗ್ಲೇಸಿಯರ್ ಕೊಲ್ಲಿಯಲ್ಲಿ ಹಿಮನದಿಯ ಎದುರು ಹಡಗನ್ನು ನಿಲ್ಲಿಸಿ, ಎರಡೂ ಮಗ್ಗುಲಿನವರಿಗೆ ಕಾಣುವಂತೆ ನಿಧಾನವಾಗಿ ತಿರುಗಿಸುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ದ್ವೀಪಗಳ ಮರೆಯ ಒಳಜಲಮಾರ್ಗ ಕೆರೆಯಂತೆ ಶಾಂತ. ಆದರೆ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಅನೇಕ ವೇಳೆ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ ಬಯಲು ಸಮುದ್ರದಲ್ಲಿ ಸಾಗುತ್ತವೆ. ‘ಅಲಾಸ್ಕಾದಲ್ಲಿ ಅಲೆಯೇ ಇಲ್ಲ’ ಎಂಬ ಮಾತನ್ನು ನಂಬಿ ಅಪ್ಪ ಅಮ್ಮನಿಗೆ ಮುಂತುದಿಯ ಕೋಣೆ ಹಿಡಿದುಕೊಟ್ಟರೆ ಮೊದಲ ರಾತ್ರಿಯೇ ಫಜೀತಿ.

ಬಾಲ್ಕನಿಗೆ ಹೆಚ್ಚು ಹಣ ಕೊಡಬೇಕೇ? ಏಳು ರಾತ್ರಿಯ ಅಲಾಸ್ಕಾಕ್ಕೆ ಕೊಡಬಹುದು. ಮಂಡಿನೋವಿನ ಹಿರಿಯರು ಶಾಲು ಹೊದ್ದು ಕುಳಿತಲ್ಲೇ ಹಿಮನದಿ ನೋಡಬಹುದೆಂಬ ಒಂದೇ ಕಾರಣ ಸಾಕು. ಎರಡು ರಾತ್ರಿಯ ಗೋವಾ ಯಾನಕ್ಕೆ ಬೇಡ. ಹತ್ತಿ, ಊಟ ಮಾಡಿ, ಮಲಗಿ ಎದ್ದು ಊರು ನೋಡಲು ಇಳಿಯುವವರಿಗೆ ಬಾಲ್ಕನಿಯಲ್ಲಿ ಕೂರಲು ಪುರಸೊತ್ತೆಲ್ಲಿ? ಕೊಡುವುದೇ ಆದರೆ ನಕ್ಷೆಯ ಅಂಚಿನ ಸಣ್ಣ ಅಕ್ಷರಗಳನ್ನು ಓದಿಯೇ ಕೊಡಬೇಕು. ‘ನೋಟಕ್ಕೆ ಅಡ್ಡಿಯಿದೆ’ ಎಂಬ ಗುರುತಿದ್ದರೆ ಕಿಟಕಿಯ ಎದುರು ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿ ತೂಗುತ್ತಿರುತ್ತದೆ. ಅದರಲ್ಲೂ ತರತಮವುಂಟು. ದೋಣಿಯ ನೆತ್ತಿ ಮಾತ್ರ ಕಾಣುವ ಅಂತಸ್ತಿನಲ್ಲಿ ತಲೆಯೆತ್ತಿದರೆ ಸಮುದ್ರ ಕಾಣುತ್ತದೆ, ದರವೂ ಇಳಿದಿರುತ್ತದೆ. ಲೆಕ್ಕ ಬಲ್ಲವರು ಅಂಥದನ್ನು ಹುಡುಕಿ ಹಿಡಿಯುತ್ತಾರೆ.

ಬಾಗಿಲೊಳಗೆ

ನಕ್ಷೆಯಲ್ಲಿ ತ್ರಿಕೋನ, ಚುಕ್ಕಿ, ನಕ್ಷತ್ರ, ಜೋಡಿ ಬಾಣಗಳು ಇರುತ್ತವೆ. ಪಕ್ಕದ ಕೋಣೆಗೆ ನಡುಬಾಗಿಲಿದೆ, ಚಾವಣಿಯಿಂದ ಇಳಿಬಿಡುವ ಮಂಚವಿದೆ, ಸೋಫಾ ಮಂಚವಾಗುತ್ತದೆ, ಗಾಲಿಕುರ್ಚಿಗೆ ಅನುಕೂಲವಿದೆ, ಹೀಗೆ ಒಂದೊಂದಕ್ಕೆ ಒಂದೊಂದು ಅರ್ಥ. ಕಂಪನಿಯಿಂದ ಕಂಪನಿಗೆ ಗುರುತು ಬದಲಾಗುವುದರಿಂದ ಅಂಚಿನ ವಿವರಣೆ ನೋಡಲೇಬೇಕು. ನಡುಬಾಗಿಲು ಮೊಮ್ಮಕ್ಕಳ ಜೊತೆ ಎರಡು ಕೋಣೆ ಹಿಡಿದವರಿಗೆ ವರ. ಪಕ್ಕದಲ್ಲಿ ಅಪರಿಚಿತರಿದ್ದರೆ ಅವರ ಗೊರಕೆ, ಜಗಳ, ಟಿ.ವಿ. ಎಲ್ಲಕ್ಕೂ ಪಾಲುದಾರರಾಗಬೇಕಾದೀತು. ಇಳಿಬಿಡುವ ಮಂಚಕ್ಕೆ ಏಣಿ ಹತ್ತಬೇಕು. ಅದು ಹುಡುಗರಿಗೆ, ಅಜ್ಜಿಗಲ್ಲ.

ಸಾಮಾನ್ಯ ಕೋಣೆಗಳ ಬಚ್ಚಲಿಗೆ ನೀರು ಹೊರಚೆಲ್ಲದಂತೆ ಎತ್ತರದ ಹೊಸ್ತಿಲಿರುತ್ತದೆ. ರಾತ್ರಿ ಅರೆನಿದ್ದೆಯಲ್ಲಿ ಎದ್ದ ಹಿರಿಯರು ಎಡವುವುದು ಇಲ್ಲಿಯೇ. ಗಾಲಿಕುರ್ಚಿಯವರಿಗೆಂದು ಮೀಸಲಿಟ್ಟ ಕೋಣೆಗಳಲ್ಲಿ ಹೊಸ್ತಿಲಿಲ್ಲ, ಬಾಗಿಲು ಅಗಲ, ಹಿಡಿಕೆಗಳಿವೆ. ಆದರೆ ಅವು ಬೆರಳೆಣಿಕೆಯಷ್ಟು, ನಿಜವಾದ ಅಗತ್ಯವಿರುವವರು ಮುಂಚಿತವಾಗಿಯೇ ಕೇಳಬೇಕು. ಕಮೋಡು ಗಾಳಿಯ ಸೆಳೆತದಿಂದ ಕೆಲಸ ಮಾಡುವಂಥದು, ಗುಂಡಿ ಒತ್ತಿದರೆ ಸಿಡಿಲು ಬಡಿದಂತೆ ಸದ್ದು. ವಿದೇಶಿ ಹಡಗುಗಳಲ್ಲಿ ಕಾಗದವೇ ಗತಿ. ಒಂದು ಪ್ಲಾಸ್ಟಿಕ್ ಚೊಂಬು ಒಯ್ದ ಭಾರತೀಯರು ಯಾರೂ ಪಶ್ಚಾತ್ತಾಪಪಟ್ಟಿಲ್ಲ. ಗೋಡೆಗಳು ಸಾಮಾನ್ಯವಾಗಿ ಉಕ್ಕಿನ ತಗಡಿನವು. ಆಯಸ್ಕಾಂತದ ಕೊಕ್ಕೆಗಳನ್ನು ಅಂಟಿಸಿದರೆ ಟವಲು, ಟೋಪಿ, ಔಷಧದ ಚೀಲ ಎಲ್ಲ ನೇತುಹಾಕಬಹುದು. ಮನೆಯ ಫ್ರಿಜ್ಜಿನ ಬಾಗಿಲಿನ ತತ್ತ್ವವೇ.

ಒಂಟಿಯಾಗಿ ಹೋಗುವವರು ಬಹುತೇಕ ಕಡೆ ಇಬ್ಬರ ದರ ತೆರಬೇಕು. 2010ರ ‘ನಾರ್ವೀಜಿಯನ್ ಎಪಿಕ್’ ಹಡಗು ಒಬ್ಬರಿಗೆಂದೇ ಸುಮಾರು ನೂರು ಚದರ ಅಡಿಯ ಪುಟ್ಟ ಕೋಣೆಗಳನ್ನು ತಂದಿತು. ವಿಧವೆಯರು, ವಿಧುರರು ಒಂಟಿಯಾಗಿ ಊರು ನೋಡಲು ಹೊರಡುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನು ‘ಗ್ಯಾರಂಟಿ’ ಎಂಬ ಅಗ್ಗದ ದರವೊಂದಿದೆ. ಹೆಸರು ಕೇಳಿ ಮೋಸಹೋಗಬಾರದು. ಗ್ಯಾರಂಟಿ ಇರುವುದು ಕೋಣೆಯ ಜಾತಿಗೆ ಮಾತ್ರ. ಯಾವ ಅಂತಸ್ತು, ಯಾವ ತುದಿ ಎಂಬುದನ್ನು ಕಂಪನಿ ತನ್ನಿಚ್ಛೆಯಂತೆ ಕೊನೆಯಲ್ಲಿ ತಿಳಿಸುತ್ತದೆ. ಬೇರೆಯವರು ಆರಿಸದೆ ಬಿಟ್ಟದ್ದೇ ಅಲ್ಲಿ ಉಳಿದಿರುವುದೆಂದು ಊಹಿಸಲು ಕಷ್ಟವಿಲ್ಲ. ಕಲ್ಲು ತಿಂದು ಕರಗಿಸಿಕೊಳ್ಳುವ ಹರೆಯದವರಿಗೆ ಇದು ಒಳ್ಳೆಯ ವ್ಯಾಪಾರ. ಹಿರಿಯರಿಗೆ ಕೆಲವು ನೂರು ರೂಪಾಯಿ ಹೆಚ್ಚಾದರೂ ಕೋಣೆಯ ಸಂಖ್ಯೆ ತಿಳಿದೇ ಹಣ ಕಟ್ಟುವುದು ಲೇಸು. ಲಿಫ್ಟಿನ ಹತ್ತಿರವಿರಬೇಕು, ಲಿಫ್ಟಿನ ಎದುರಿರಬಾರದು. ಹತ್ತಿಪ್ಪತ್ತು ಬಾಗಿಲಿನಾಚೆ ಇದ್ದರೆ ಮಂಡಿಗೂ ಕಿವಿಗೂ ಒಪ್ಪಿತ.

ಅಂತಸ್ತುಗಳ ಸಂಖ್ಯೆಯಲ್ಲಿ 13 ಇಲ್ಲದಿದ್ದರೆ ಗಾಬರಿ ಬೇಡ. ಅಶುಭವೆಂದು ಅನೇಕ ಹಡಗುಗಳಲ್ಲಿ 12ರ ಮೇಲೆ ನೇರ 14. ಇಟಲಿಯ ಮೂಲದ ಎಂ.ಎಸ್.ಸಿ. ಹಡಗುಗಳಲ್ಲಿ 17 ಇಲ್ಲ, ಅವರಿಗೆ ಅದೇ ಅಶುಭ. ಉದ್ದನೆಯ ಕಾರಿಡಾರಿನಲ್ಲಿ ಮುಂದೆ ಯಾವುದು ಹಿಂದೆ ಯಾವುದು ಎಂದು ತಿಳಿಯದೆ ಸುತ್ತುವವರಿಗಾಗಿ ಕೆಲವು ಹಡಗುಗಳ ನೆಲಹಾಸಿನಲ್ಲಿ ಮೀನಿನ ಚಿತ್ರಗಳಿವೆ. ಮೀನುಗಳೆಲ್ಲ ಮುಂತುದಿಯತ್ತ ಈಜುತ್ತವೆ.

ದಾರಿ ತಿಳಿದಿರುವುದು ಬರಿಯ ಅನುಕೂಲದ ಮಾತಲ್ಲ. 2012ರ ಜನವರಿ 13ರ ರಾತ್ರಿ ಸುಮಾರು 9.45ಕ್ಕೆ ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ‘ಕೋಸ್ಟಾ ಕಾಂಕಾರ್ಡಿಯಾ’ ಬಡಿಯಿತು. ಹಡಗಿನಲ್ಲಿ 4,229 ಜನರಿದ್ದರು. ವಿದ್ಯುತ್ತು ಹೋಯಿತು, ಹಡಗು ಬಲಮಗ್ಗುಲಿಗೆ ವಾಲುತ್ತ ಹೋಯಿತು. ನೆಲ ಗೋಡೆಯಾಯಿತು, ಅಡ್ಡ ಕಾರಿಡಾರುಗಳು ಬಾವಿಗಳಂತಾದವು. ಹಡಗು ಬಿಡುವ ಆಜ್ಞೆ ಬಂದದ್ದು ಒಂದು ಗಂಟೆಗೂ ಹೆಚ್ಚು ತಡವಾಗಿ. ಆ ದಿನವೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತುರ್ತು ಅಭ್ಯಾಸ ಇನ್ನೂ ಆಗಿರಲಿಲ್ಲ. 32 ಮಂದಿ ಸತ್ತರು. ಅಭ್ಯಾಸವನ್ನು ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಿಸಬೇಕೆಂಬ ಅಂತಾರಾಷ್ಟ್ರೀಯ ನಿಯಮ 2015ರ ಜನವರಿ 1ರಿಂದ ಜಾರಿಗೆ ಬಂತು.

ಕೋಣೆಯ ಬಾಗಿಲಿನ ಹಿಂಭಾಗದಲ್ಲಿ ಒಂದು ಸಣ್ಣ ನಕ್ಷೆ ಅಂಟಿಸಿರುತ್ತಾರೆ. ತಮ್ಮ ಕೋಣೆ ಎಲ್ಲಿದೆ, ಸೇರಬೇಕಾದ ಜಾಗ ಯಾವುದು, ಯಾವ ಮೆಟ್ಟಿಲಿನಿಂದ ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಪೆಟ್ಟಿಗೆ ಒಳಗಿಟ್ಟ ಕೂಡಲೇ ಒಮ್ಮೆ ಹೊರಬಂದು, ಬಾಗಿಲಿನಿಂದ ಹತ್ತಿರದ ಮೆಟ್ಟಿಲಿಗೆ ಎಷ್ಟು ಬಾಗಿಲುಗಳೆಂದು ಎಡಗಡೆಗೂ ಬಲಗಡೆಗೂ ಎಣಿಸಿಕೊಂಡರೆ, ಕತ್ತಲಲ್ಲಿ ಗೋಡೆ ತಡವಿಕೊಂಡಾದರೂ ಅಲ್ಲಿಗೆ ತಲುಪಬಹುದು.